ಬೀಜಕ್ಕೆ ಬಿಟ್ಟ ಕಾಯಿ

ನಾಳೆ ಬೆಳಿಗ್ಗೆ ನಮ್ಮ ಸಂಘದ ಸುದ್ದಿಪತ್ರದ ಪುಟಗಳು ಮುದ್ರಣಕ್ಕೆ ಹೋಗಬೇಕು. ಈ ಜಾಗಕ್ಕೆ ವಾರ್ಷಿಕ ಸಭೆಯ ಬಗ್ಗೆ ಬರೆದಿಟ್ಟಿದ್ದೆ. ಶನಿವಾರ ಸಂಘದ 14 ಮಂದಿ ಒಂದು ರೆಸ್ಟೋರೆಂಟಿನ ಕೈತೋಟ ನೋಡಿ ಬಂದೆವು. ಬಂದವಳೇ ಆ ಬರಹವನ್ನು ತೆಗೆದುಹಾಕಿದೆ.

ಅಡುಗೆಮನೆಯ ಹಿಂಬಾಗಿಲು ತೆರೆದರೆ ತೋಟ. ನೋಡಿಕೊಳ್ಳುವವರು ಇಬ್ಬರೇ ರೈತರು, ಒಬ್ಬ ಹೆಂಗಸು, ಒಬ್ಬ ಗಂಡಸು. ಸೊಪ್ಪನ್ನು ಬಿಸಿಲೇರುವ ಮೊದಲೇ ಕೊಯ್ಯುತ್ತಾರೆ. ರಾತ್ರಿಯ ತಂಪಿಗೆ ಎಲೆ ನೀರು ತುಂಬಿಕೊಂಡಿರುತ್ತದೆ, ಬಿಸಿಲು ಬಿದ್ದರೆ ಜೋತುಬೀಳುತ್ತದೆ. ಮೂಲಂಗಿ 25-30 ದಿನಕ್ಕೆ ಕೈಗೆ ಬರುತ್ತದೆ, ಕ್ಯಾರೆಟ್‌ಗೆ ಎರಡು ತಿಂಗಳಿಗೂ ಹೆಚ್ಚು ಬೇಕು. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಬಿತ್ತದೆ ಎರಡು ವಾರಕ್ಕೊಂದು ಮಡಿಯಂತೆ ಬಿತ್ತುತ್ತಾರೆ. ಬಾಣಸಿಗರು ದಿನಾ ಬೆಳಿಗ್ಗೆ ಬಂದು "ಇವತ್ತು ಏನು ಬಂದಿದೆ?" ಎಂದು ಕೇಳುತ್ತಾರೆ. ಅಂದಿನ ಅಡುಗೆ ನಿರ್ಧಾರವಾಗುವುದು ಆಮೇಲೆ. ಸಿಪ್ಪೆ, ತೊಟ್ಟು, ದಂಟು ಎಲ್ಲವೂ ತಿರುಗಿ ಗೊಬ್ಬರದ ಗುಡ್ಡೆಗೆ. ಅದರ ನಡುವೆ ಶಾಖ 60 ಡಿಗ್ರಿಯವರೆಗೂ ಏರುತ್ತದಂತೆ. ಮಕ್ಕಳು ಅದರ ಹಬೆಗೆ ಅಂಗೈ ಹಿಡಿದು ನೋಡಿದರು.

ಸೌತೆಯ ಬಳ್ಳಿಯ ಹತ್ತಿರ ನನ್ನ ಮಗಳು ನಿಂತುಬಿಟ್ಟಳು. "ಅಮ್ಮಾ, ಇದೊಂದನ್ನು ಕೊಯ್ಯಲು ಮರೆತಿದ್ದಾರೆ, ಹಳದಿಯಾಗಿ ಹಾಳಾಗಿದೆ." ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟಿತ್ತು. ಆ ರೈತ ಮಹಿಳೆ ಅವಳ ಪಕ್ಕದಲ್ಲಿ ಮಂಡಿಯೂರಿ ಹೇಳಿದರು: "ಮರೆತಿಲ್ಲ ಮಗಳೇ, ಇದು ಮುಂದಿನ ವರ್ಷದ್ದು."

ನನಗೆ ಎಂಟು ವರ್ಷವಿದ್ದಾಗಿನ ಮಾತು. ಅಜ್ಜಿಯ ಹಿತ್ತಲಿನಲ್ಲೂ ಸೌತೆ ಬಳ್ಳಿಯಲ್ಲಿ ಹೀಗೆ ದಾರ ಕಟ್ಟಿದ ಒಂದು ಕಾಯಿ ಇರುತ್ತಿತ್ತು. ಬಳ್ಳಿಯ ಅತ್ಯುತ್ತಮ ಕಾಯಿ ಅದೇ. ಮನೆಗೆ ಯಾರೇ ಬಂದರೂ ಅದನ್ನು ಕೀಳುವಂತಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಅದನ್ನು ಕಿತ್ತು ತಿಂದೆ. ಎಳೆಯದು, ಒಳಗಿನ ಬೀಜ ಇನ್ನೂ ನೀರು ನೀರು. ಅಜ್ಜಿ ಬಯ್ಯಲಿಲ್ಲ. ನೆಲದ ಮೇಲೆ ಬಿದ್ದಿದ್ದ ದಾರವನ್ನು ಎತ್ತಿಕೊಂಡು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಳ್ಳಿಯಲ್ಲಿ ಆ ಹೊತ್ತಿಗೆ ಬೇರೆ ಹೀಚು ಇರಲಿಲ್ಲ. ಮರು ವರ್ಷ ಪಕ್ಕದ ಮನೆಯಿಂದ ಬೀಜ ತಂದು ಹಾಕಿದರು. ಕಾಯಿ ಬಂತು, ಚೆನ್ನಾಗಿಯೇ ಬಂತು. ಆದರೆ ಅಜ್ಜಿ ತಮ್ಮ ತಾಯಿಯಿಂದ ತಂದ ತಳಿ ಅಲ್ಲಿಗೆ ಮುಗಿದಿತ್ತು. ಅದು ನನಗೆ ಅರ್ಥವಾದದ್ದು ಮೊನ್ನೆ, ಆ ಕೆಂಪು ದಾರ ನೋಡಿದಾಗ.

ಊಟವಾದ ಮೇಲೆ ನಾವೆಲ್ಲ ಬಾಣಸಿಗರಿಗೆ ಚಪ್ಪಾಳೆ ತಟ್ಟಿದೆವು. ಅವರು ನಮ್ಮನ್ನು ತಡೆದು, ಹೊರಗೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಆ ಇಬ್ಬರನ್ನು ಒಳಗೆ ಕರೆದರು. ಇಷ್ಟು ವರ್ಷ ಹೊರಗೆ ಉಂಡಿದ್ದೇವೆ, ಬೆಳೆದವರ ಮುಖ ನೋಡಿ ಉಂಡದ್ದು ಅದೇ ಮೊದಲು. ಆ ಇಬ್ಬರಿಗೆ ಸಂಘದ ಪರವಾಗಿ ಮನಸಾರೆ ವಂದನೆ.

ಈಗ ಸೂಚನೆಗಳು. ವಾರ್ಷಿಕ ಸಭೆ ಮುಂದಿನ ತಿಂಗಳ ಎರಡನೇ ಭಾನುವಾರ. ಸದಸ್ಯತ್ವ ನವೀಕರಣಕ್ಕೆ ಅದೇ ಕೊನೆಯ ದಿನ. ಕನ್ನಡ ಶಾಲೆ ಈ ವಾರ ಅರ್ಧ ಗಂಟೆ ತಡವಾಗಿ ಆರಂಭ. ಹಬ್ಬದ ಊಟಕ್ಕೆ ಬಡಿಸಲು ಇನ್ನೂ ಆರು ಮಂದಿ ಬೇಕು. ಈ ಸುದ್ದಿಪತ್ರದ ಕರಡು ತಿದ್ದಲು ಒಬ್ಬರಾದರೂ ಬನ್ನಿ. ಮೂರು ಸಂಚಿಕೆಗಳನ್ನು ಒಬ್ಬಳೇ ಮಾಡಿದ್ದೇನೆ, ನಾಲ್ಕನೆಯದು ನನ್ನಿಂದ ಆಗದು.

ತೋಟಕ್ಕೆ ಎರಡನೇ ಭೇಟಿ ಬೀಜ ತೆಗೆಯುವ ದಿನ ಇರುತ್ತದೆ. ಹತ್ತು ಜನರಿಗಷ್ಟೇ ಜಾಗ; ಮಕ್ಕಳಿಗೆ ಮೊದಲ ಆದ್ಯತೆ. ಕೆಸರಿಗೆ ಹೆದರದ ಚಪ್ಪಲಿ ಹಾಕಿಕೊಂಡು ಬನ್ನಿ. ಬೀಜ ತರಲು ಕಾಗದದ ಪೊಟ್ಟಣಗಳನ್ನು ಮಗಳು ಈಗಾಗಲೇ ಮಡಚಿಟ್ಟಿದ್ದಾಳೆ.