ಆ ಹುಡುಗನಿಗೆ ಇನ್ನೂ 17 ಕಣೋ

ಪ್ರೀತಿಯ ಪುಟ್ಟು,

ನಿಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳ ಆನ್‌ಲೈನ್ ಗುಂಪಿಗೆ ನಿನ್ನನ್ನೇ ಅಡ್ಮಿನ್ ಮಾಡಿದ್ದಾರೆ ಅಂತ ಅಕ್ಕ ಹೇಳಿದಾಗ ಖುಷಿಯಾಯಿತು. ಹಾಸನದಿಂದ ಅಮೆರಿಕಕ್ಕೆ ಬಂದು ಎರಡು ವರ್ಷ ಆಗಿಲ್ಲ, ಆಗಲೇ ಅವರಲ್ಲಿ ಒಬ್ಬನಾಗಿದ್ದೀಯ. ಆಮೇಲೆ ನೀನು ಕಳಿಸಿದ ಆ ಗುಂಪಿನ ಸ್ಕ್ರೀನ್‌ಶಾಟ್ ನೋಡಿದೆ. ನೀನು ನಗುವ ಇಮೋಜಿ ಹಾಕಿದ್ದೆ, ನನಗೆ ನಗು ಬರಲಿಲ್ಲ. ನಿಮ್ಮ ಕಾಲೇಜಿಗೆ ಬರುತ್ತೇನೆ ಅಂದು ಈಗ ಬೇರೆ ಕಡೆ ಹೊರಟಿರುವ ಆ ಹೈಸ್ಕೂಲಿನ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಹುಡುಗನನ್ನು ಬೈದದ್ದು ಹಾಗಿರಲಿ, ಅವನ ಅಮ್ಮ ಎಲ್ಲಿ ಕೆಲಸ ಮಾಡುತ್ತಾರೆ ಅಂತಲೂ ಯಾರೋ ಬರೆದಿದ್ದರು.

ಈ 'ಕಮಿಟ್' ಅನ್ನುವುದು ನಮ್ಮ ಕಡೆ ಹೆಣ್ಣು ನೋಡಿ ಬಂದು ಒಪ್ಪಿಗೆ ಅಂತ ಹೇಳಿ ಕಳಿಸಿದ ಹಾಗೆ ಅಷ್ಟೇ. ತಾಂಬೂಲ ಬದಲಾಯಿಸಿಲ್ಲ. ಡಿಸೆಂಬರ್‌ನಲ್ಲಿ ಕಾಗದಕ್ಕೆ ಸಹಿ ಬೀಳುವ ತನಕ ಅದು ಬಾಯಿಮಾತು, ಹುಡುಗನಿಗೂ ಕಾಲೇಜಿಗೂ. ಕಾಲೇಜಿನವರೂ ಕೈ ಕೊಡುತ್ತಾರೆ, ಜಾಗ ತುಂಬಿತು ಅಂತ ಕೊನೇ ಗಳಿಗೆಯಲ್ಲಿ ಹೇಳುತ್ತಾರೆ, ನಿನ್ನನ್ನು ಮಗನ ಹಾಗೆ ನೋಡಿಕೊಳ್ಳುತ್ತೇನೆ ಅಂದ ಕೋಚ್ ಮಾರನೇ ವಾರ ಜಾಸ್ತಿ ಸಂಬಳಕ್ಕೆ ಬೇರೆ ರಾಜ್ಯಕ್ಕೆ ಹೋಗಿರುತ್ತಾನೆ. ಅದು ವೃತ್ತಿ. ಹುಡುಗ ಮನಸ್ಸು ಬದಲಾಯಿಸಿದರೆ ದ್ರೋಹ! ಯಾವ ನ್ಯಾಯ ಅದು?

ಹೈಸ್ಕೂಲ್ ಆಟಗಾರರನ್ನು ಅಳೆದು ವೆಬ್‌ಸೈಟ್‌ಗಳು ಕೊಡುವ ಆ ಸ್ಟಾರ್‌ಗಳನ್ನು ಕಂಡರೂ ನನಗೆ ಮೊದಲಿಂದ ಆಗುವುದಿಲ್ಲ. ಎತ್ತರ, ತೂಕ, 40 ಗಜ ಎಷ್ಟು ಸೆಕೆಂಡಿನಲ್ಲಿ ಓಡಿದ, ಐದು ಸ್ಟಾರೋ ಮೂರು ಸ್ಟಾರೋ. ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ಎಣಿಸುವ ಥರ. ಜಾತ್ರೆಯ ಹೋರಿ ಪುಣ್ಯವಂತ, ಅದಕ್ಕೆ ಕಾಮೆಂಟ್ ಓದಲು ಬರುವುದಿಲ್ಲ.

ಹುಡುಗರು ಓದುತ್ತಾರೆ ಪುಟ್ಟು. ಅವರಿಗಿಂತ ಜಾಸ್ತಿ ಮನೆಯವರು ಓದುತ್ತಾರೆ. ನನ್ನ ಹಳೇ ಆಫೀಸಿನಲ್ಲಿ ಒಬ್ಬಾಕೆ ಇದ್ದರು, ಅವರ ಮಗ ಹೈಸ್ಕೂಲ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಆಟಗಾರ. ರಾತ್ರಿ ಅವನು ಮಲಗಿದ ಮೇಲೆ ಅವನ ಹೆಸರು ಹಾಕಿ ಹುಡುಕುತ್ತಾ ಕೂತಿರುತ್ತಿದ್ದರಂತೆ. ಯಾವ ಹೆಸರಿನವನು ಏನು ಬರೆದಿದ್ದ ಅನ್ನುವುದು ಆಕೆಗೆ ಬಾಯಿಪಾಠ. ಮಗ ಸೇರಬೇಕು ಅಂತ ಆಸೆಪಟ್ಟಿದ್ದ ಕಾಲೇಜನ್ನು ಬಿಟ್ಟದ್ದಕ್ಕೆ ಅದೂ ಒಂದು ಕಾರಣ ಅಂತ ಕಾಫಿ ಕುಡಿಯುವಾಗ ಒಮ್ಮೆ ಹೇಳಿದರು. 'ಒಂದು ಆಟ ಸೋತರೆ ಇವರು ನನ್ನ ಮಗನನ್ನು ಏನು ಮಾಡಬಹುದು' ಅಂದರು. ಅಭಿಮಾನಿಗಳೇ ಓಡಿಸಿದರು ಅವನನ್ನು.

ಒಳ್ಳೆಯ ಮಾತಾದರೂ ಗುಂಪು ಕಟ್ಟಿಕೊಂಡು ಹೇಳಿದರೆ ತೊಂದರೆ ಇದೆ. 2009ರಲ್ಲಿ ಇಲ್ಲೇ ನಾರ್ತ್ ಕೆರೊಲೈನಾದ ನಮ್ಮ ರಾಲಿ ಊರಿನಲ್ಲಿ ನಡೆದದ್ದು. ಜಾನ್ ವಾಲ್ ಆಗ ಹೈಸ್ಕೂಲ್ ಹುಡುಗ, ಬ್ಯಾಸ್ಕೆಟ್‌ಬಾಲ್‌ನಲ್ಲಿ ದೇಶವೇ ಅವನ ಹಿಂದೆ ಬಿದ್ದಿತ್ತು. ದಯವಿಟ್ಟು ನಮ್ಮ ಕಾಲೇಜಿಗೆ ಬಾ ಅಂತ ಇಲ್ಲಿನ ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಫೇಸ್‌ಬುಕ್ ಗುಂಪು ಮಾಡಿದ. ಅಷ್ಟಕ್ಕೇ ಅವನದೇ ಕಾಲೇಜು ಅವನಿಗೆ ನಿಲ್ಲಿಸು ಅಂತ ಪತ್ರ ಕಳಿಸಿತು. ಯಾಕೆಂದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಲ್ಲಿ ಹುಡುಗರನ್ನು ಕರೆಯುವ ಕೆಲಸ ಕೋಚ್‌ಗಳದ್ದು, ಅಭಿಮಾನಿಗಳು ಕೈ ಹಾಕಿದರೆ ಏಟು ಕಾಲೇಜಿಗೆ ಬೀಳಬಹುದು. ಅಷ್ಟೊಂದು ಬಿಗಿ ಬೇಕಿತ್ತಾ ಅಂತ ಆಗ ನಾನೂ ನಕ್ಕಿದ್ದೆ. ವಾಲ್ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋದ, ಮರುವರ್ಷ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲನೆಯವನಾದ. ಇವತ್ತಿಗೂ ಹುಡುಗ ಸಹಿ ಹಾಕುವ ತನಕ ಕೋಚ್‌ಗಳು ಅವನ ಬಗ್ಗೆ ಬಹಿರಂಗವಾಗಿ ಮಾತಾಡುವ ಹಾಗಿಲ್ಲ. 2016ರಿಂದ ಅವನ ಪೋಸ್ಟಿಗೆ ಲೈಕ್ ಒತ್ತಬಹುದು, ಶೇರ್ ಮಾಡಬಹುದು, ಆದರೆ ಕಾಮೆಂಟ್ ಬರೆಯುವಂತಿಲ್ಲ. ಕೋಟಿಗಟ್ಟಲೆ ಸಂಬಳದ ಕೋಚ್‌ನ ಬಾಯಿಗೆ ಬೀಗ, ಮುಖ ತೋರಿಸದ ನಿಮ್ಮ ಗುಂಪಿನವರಿಗೆ ಯಾವ ಬೀಗವೂ ಇಲ್ಲ. ಕೀಲಿ ಈಗ ನಿನ್ನ ಕೈಯಲ್ಲಿದೆ.

ಈಗ ದುಡ್ಡು ಬರುತ್ತಲ್ಲ, ಬೈಗುಳವನ್ನೂ ತಿನ್ನಲಿ ಅಂತ ನಿನ್ನ ಗೆಳೆಯರು ಹೇಳುತ್ತಾರೆ, ಗೊತ್ತು. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು, 2025ರಿಂದ ಕಾಲೇಜುಗಳೇ ಆಟಗಾರರಿಗೆ ದುಡ್ಡು ಹಂಚಬಹುದು, ಮೊದಲ ವರ್ಷದ ಮಿತಿಯೇ 2.05 ಕೋಟಿ ಡಾಲರ್. ಸರಿ. ಆದರೆ ಅವನ ಅಮ್ಮನಿಗೆ ಯಾರು ಸಂಬಳ ಕೊಡುತ್ತಿದ್ದಾರೆ?

ಎಲ್ಲರ ಬಾಯಿ ಮುಚ್ಚಿಸು ಅಂತ ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ಗುಂಪು ಸತ್ತುಹೋಗುತ್ತದೆ. ಕೋಚ್ ಆಟ ಕೆಡಿಸಿದ ಅಂತ ಬೈಯಲಿ, ಕಾಲೇಜಿನ ಆಡಳಿತವನ್ನು ಜಾಡಿಸಲಿ. ಇನ್ನೂ ಹೈಸ್ಕೂಲಿನಲ್ಲಿ ಇರುವವನ ಮನೆ, ಮಾರ್ಕ್ಸು, ಮಂಡಿನೋವು, ಗರ್ಲ್‌ಫ್ರೆಂಡ್, ಇವು ಬಂದರೆ ಮಾತ್ರ ಚರ್ಚೆಗೇ ಹೋಗಬೇಡ, ತೆಗಿ. ಅವನನ್ನು ಟ್ಯಾಗ್ ಮಾಡಲು ಬಿಡಬೇಡ. 'ಒಳಗಿನ ಸುದ್ದಿ' ಅಂತ ಬರುವವನನ್ನು ಯಾರು ಹೇಳಿದರು ಅಂತ ಕೇಳು, ಮುಕ್ಕಾಲುಪಾಲು ಜನ ಅಲ್ಲಿಗೇ ಸುಮ್ನಾಗುತ್ತಾರೆ. ಯಾವ ಕಾಲೇಜು ಅಂತ ಸಾರಲು ಟಿವಿ ಕ್ಯಾಮೆರಾ ಮುಂದೆ ಮೇಜಿನ ಮೇಲೆ ನಾಲ್ಕು ಕಾಲೇಜಿನ ಟೋಪಿ ಇಟ್ಟುಕೊಂಡು ಹುಡುಗ ಬೇರೆ ಕಾಲೇಜಿನ ಟೋಪಿ ಹಾಕಿಕೊಳ್ಳುತ್ತಾನಲ್ಲ, ಆ ರಾತ್ರಿ ಗುಂಪಿಗೆ ಬೀಗ ಹಾಕಿ ಮಲಗು. ಬೆಳಿಗ್ಗೆ ಅರ್ಧ ಜನಕ್ಕೆ ಏನು ಬರೆಯಬೇಕಿತ್ತು ಅನ್ನುವುದೇ ಮರೆತಿರುತ್ತದೆ.

ನಿನ್ನನ್ನೂ ಬೈಯುತ್ತಾರೆ. ಎಲ್ಲಿಂದಲೋ ಬಂದವನು ನಮಗೆ ಫುಟ್‌ಬಾಲ್ ಹೇಳಿಕೊಡ್ತಾನೆ ಅಂತಾರೆ, ನನಗೂ ಅಂದಿದ್ದಾರೆ. ಆಗ ನನಗೆ ಫೋನ್ ಮಾಡು.

ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತೀಯಲ್ಲ, ಅತ್ತೆ ಅಕ್ಕಿರೊಟ್ಟಿ ಮಾಡುತ್ತೇನೆ ಅಂದಿದ್ದಾಳೆ. ಆ ಅಮ್ಮನ ಕೆಲಸದ ಜಾಗ ಬರೆದ ಪೋಸ್ಟ್ ಇವತ್ತು ಬೆಳಿಗ್ಗೆಯೂ ಅಲ್ಲೇ ಇತ್ತು, ನೋಡಿದೆ. ಈ ಪತ್ರಕ್ಕೆ ಉತ್ತರ ಆಮೇಲೆ ಬರಿ, ಮೊದಲು ಅದನ್ನು ತೆಗಿ.

ಆಶೀರ್ವಾದಗಳೊಂದಿಗೆ,
ನಿನ್ನ ಮಾವ