ಆ ಫೋಟೊದಲ್ಲಿದ್ದ 17 ಮೀನು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಿನ್ನೆಸೋಟದ ಕನ್ನಡ ಕುಟುಂಬವೊಂದರ ಫೋಟೊ ಬಂದಿತ್ತು. ಸಣ್ಣ ಅಲ್ಯೂಮಿನಿಯಂ ದೋಣಿ, ಅದರಲ್ಲಿ ನಾಲ್ಕು ಜನ, ಯಜಮಾನರ ಕೈಯಲ್ಲಿ ಹಗ್ಗಕ್ಕೆ ಪೋಣಿಸಿದ ಮೀನಿನ ಸರ. ಎಣಿಸಿದೆ, 17 ಇದ್ದವು. ನಾನೂ 11 ವರ್ಷದಿಂದ ಅದೇ ರಾಜ್ಯದಲ್ಲಿದ್ದೇನೆ. ನಿಮ್ಮ ಪತ್ರಿಕೆ ಓದದೆ ನನಗೆ ಭಾನುವಾರ ಆಗುವುದಿಲ್ಲ. ಫೋಟೊ ನೋಡಿ ಖುಷಿಯಾಯಿತು, ಆಮೇಲೆ ಕಸಿವಿಸಿಯೂ ಆಯಿತು. ಅದಕ್ಕೇ ಈ ಪತ್ರ.

ಅವು ಬ್ಲೂಗಿಲ್. ಕಿವಿರಿನ ಹತ್ತಿರ ನೀಲಿ ಛಾಯೆ ಇರುವುದರಿಂದ ಆ ಹೆಸರು. ಬ್ಲೂಗಿಲ್, ಕ್ರಾಪಿ, ಹಳದಿ ಪರ್ಚ್ ಇವನ್ನೆಲ್ಲ ಸೇರಿಸಿ ಇಲ್ಲಿನವರು ಪ್ಯಾನ್‌ಫಿಶ್ ಅನ್ನುತ್ತಾರೆ. ಇಡೀ ಮೀನು ಕಾವಲಿಯಲ್ಲಿ ಹಿಡಿಸುತ್ತದೆ ಅಂತ. ನಮ್ಮ ಕಡೆಯ ಜಿಲೇಬಿ ಮೀನು ನೋಡಿದವರಿಗೆ ಅಂದಾಜಾಗುತ್ತದೆ. ಅದೇ ಚಪ್ಪಟೆ ಮೈ, ಬೆನ್ನ ಮೇಲೆ ಅದೇ ಚುಚ್ಚುವ ಮುಳ್ಳು. ಹಿಡಿಯುವಾಗ ತಲೆಯಿಂದ ಬಾಲದ ಕಡೆಗೆ ಅಂಗೈ ಸವರಿ ಮುಳ್ಳನ್ನು ಮಲಗಿಸಬೇಕು. ಇದನ್ನು ನಾನು ಕಲಿತದ್ದು ಅಮೆರಿಕದಲ್ಲಲ್ಲ, ಶರಾವತಿ ಹಿನ್ನೀರಿನಲ್ಲಿ, ಚಿಕ್ಕಪ್ಪನ ತೆಪ್ಪದಲ್ಲಿ ಕೂತು.

ಫೋಟೊ ಜೂನ್ ತಿಂಗಳದ್ದು ಅಂತ ಬರೆದಿದ್ದಿರಿ. ನನ್ನ ಕಸಿವಿಸಿ ಅಲ್ಲೇ. ಒಂದು ವರ್ಷ ಜೂನ್ ಮೊದಲ ವಾರ ಮಿನೆಟೊಂಕಾ ಕೆರೆಯ ಒಂದು ಮೂಲೆಯಲ್ಲಿ ಮೋಟರ್ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದೆ. ಸೊಂಟಮಟ್ಟ ನೀರು. ತಳದ ಮರಳಿನಲ್ಲಿ ಊಟದ ತಟ್ಟೆಯಗಲದ ಗುಂಡನೆಯ ಗುಳಿಗಳು, ಒಂದರ ಪಕ್ಕ ಒಂದು, ಪಡ್ಡಿನ ಕಾವಲಿಯ ಹಾಗೆ. ಪ್ರತಿ ಗುಳಿಯ ಮೇಲೂ ಒಂದು ಗಂಡು ಮೀನು. ಎದೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬಾಲ ಬೀಸುತ್ತಾ ಮೊಟ್ಟೆ ಮೇಲೆ ಮಣ್ಣು ಕೂರದ ಹಾಗೆ ನೋಡಿಕೊಳ್ಳುತ್ತಿತ್ತು. ಹೆಣ್ಣು ಮೊಟ್ಟೆಯಿಟ್ಟು ಹೊರಟುಬಿಡುತ್ತದೆ, ಗೂಡು ಕಾಯುವುದು ಗಂಡೇ. ಎರೆಹುಳು ಸಿಕ್ಕಿಸಿದ ಗಾಳ ಗುಳಿಯ ಹತ್ತಿರ ಇಳಿದರೆ ಸಾಕು, ಹಸಿವಿರಲಿ ಬಿಡಲಿ, ನುಗ್ಗಿ ಕಚ್ಚುತ್ತದೆ. ಬೆಂಡು ಒಮ್ಮೆ ನಡುಗಿ ಸೊರ್ರನೆ ಮುಳುಗುತ್ತದೆ. ಮೊದಲ ಮೂರು ವರ್ಷ ಅದನ್ನು ನನ್ನ ಜಾಣತನ ಅಂದುಕೊಂಡಿದ್ದೆ. ಕಾವಲಿನ ಮೀನು ನಮ್ಮ ದೋಣಿಗೆ ಬಂದ ಸ್ವಲ್ಪ ಹೊತ್ತಿಗೇ ಸುತ್ತ ಕಾಯುತ್ತಿದ್ದ ಬೇರೆ ಮೀನುಗಳು ಗುಳಿಗೆ ಇಳಿದು ಮೊಟ್ಟೆ ಖಾಲಿ ಮಾಡುತ್ತವೆ.

ಇನ್ನೊಂದು ವಿಷಯ ನನಗೆ ತಿಳಿದದ್ದು ತಡವಾಗಿ. ದೊಡ್ಡ ಗಂಡುಗಳು ಇರುವ ತನಕ ಸಣ್ಣ ಗಂಡುಗಳು ಗೂಡಿನ ಉಸಾಬರಿಗೆ ಹೋಗದೆ ತಿಂದು ಬೆಳೆಯುತ್ತವೆ. ದೊಡ್ಡವನ್ನೆಲ್ಲ ನಾವು ಹೊತ್ತುಕೊಂಡು ಹೋದರೆ ಸಣ್ಣವು ಬೇಗ ಬಲಿತು ಮರಿ ಮಾಡಲು ನಿಲ್ಲುತ್ತವೆ. ಅಲ್ಲಿಗೆ ಮೈ ಬೆಳೆಯುವುದು ನಿಧಾನ. ಕೆಲವೇ ವರ್ಷದಲ್ಲಿ ಕೆರೆ ತುಂಬ ಮೀನೇ, ಆದರೆ ಯಾವುದೂ ಕಾವಲಿಗೆ ಹಾಕುವಷ್ಟಿಲ್ಲ. ಅದಕ್ಕೇ ಒಬ್ಬರಿಗೆ ದಿನಕ್ಕೆ 20 ಅಂತಿದ್ದ ಮಿತಿಯನ್ನು ಇಲ್ಲಿನ ಸರ್ಕಾರ 2021ರಿಂದ ಎಷ್ಟೋ ಕೆರೆಗಳಲ್ಲಿ 10ಕ್ಕೋ 5ಕ್ಕೋ ಇಳಿಸಿದೆ. ನಾಲ್ಕು ಜನರಿಗೆ 17 ಮೀನು, ಕಾನೂನಿನ ಲೆಕ್ಕದಲ್ಲಿ ತಪ್ಪೇನೂ ಇರಲಿಕ್ಕಿಲ್ಲ. ಆದರೆ ಆ ಕೆಂಪೆದೆ ನೋಡಿ. ಬಹುಪಾಲು ಗಂಡು, ಎಲ್ಲವೂ ದೊಡ್ಡವು.

ನಮ್ಮ ಮನೆಯಲ್ಲಿ ಈಗ ಅಂಗೈಯಗಲದ್ದು ಇಟ್ಟುಕೊಳ್ಳುತ್ತೇವೆ, ಅದಕ್ಕಿಂತ ದೊಡ್ಡದನ್ನು ನೀರಿಗೆ ಬಿಡುತ್ತೇವೆ. ಫೋನಿನಲ್ಲಿ ಹೇಳಿದರೆ ಚಿಕ್ಕಪ್ಪ ನಗುತ್ತಾರೆ. “ಸಣ್ಣದು ಬಿಡೋದು ಗೊತ್ತು ಮಾರಾಯ, ದೊಡ್ಡದು ಬಿಡೋದು ಯಾವ ಊರಿನ ಲೆಕ್ಕ?” ಆಗ ನಾನು ಹತ್ತುಮೀನಿನ ಮಾತು ತೆಗೆಯುತ್ತೇನೆ. ಮುಂಗಾರಿನ ಹೊಸ ನೀರಿಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ, ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ಕೂಣಿ ಅನ್ನುವ ಬೋನು ಹಾಕಿ ಹಿಡಿದವರು ನಾವೇ ತಾನೆ? ಈಗ ಹಳ್ಳದಲ್ಲಿ ಮೀನೇ ಇಲ್ಲ ಅಂತ ಗೊಣಗುವವರೂ ನಾವೇ. ಚಿಕ್ಕಪ್ಪ ಸುಮ್ಮನಾಗಿ, ಅಲ್ಲಿ ಚಳಿ ಹೇಗಿದೆ ಅಂತ ಕೇಳುತ್ತಾರೆ.

ಇನ್ನು ಲೈಫ್ ಜಾಕೆಟ್. ಫೋಟೊದಲ್ಲಿ ಒಬ್ಬರ ಮೈಮೇಲೂ ಇರಲಿಲ್ಲ, ಆ ಪುಟ್ಟ ಹುಡುಗನಿಗೂ. ಇಲ್ಲಿ 10 ವರ್ಷದೊಳಗಿನ ಮಕ್ಕಳು ದೋಣಿ ಸಾಗುವಾಗ ಹಾಕಿಕೊಂಡಿರಲೇಬೇಕು. ದೊಡ್ಡವರಿಗೆ ದೋಣಿಯಲ್ಲಿ ತಲೆಗೊಂದು ಇದ್ದರೆ ಸಾಕು ಅನ್ನುತ್ತದೆ ಕಾನೂನು. ಸಾಕಾಗುವುದಿಲ್ಲ. ಐದು ವರ್ಷದ ಹಿಂದೆ ಪರ್ಚ್ ಹಿಡಿಯಲು ಮಿಲ್ ಲ್ಯಾಕ್ಸ್ ಕೆರೆಗೆ ಹೋಗಿದ್ದೆವು. ಹೆಸರಿಗೆ ಕೆರೆ, 500 ಚದರ ಕಿಲೋಮೀಟರ್‌ಗಿಂತ ಜಾಸ್ತಿ ಇದೆ. ಆದರೆ ಎಲ್ಲೂ 45 ಅಡಿ ಆಳವಿಲ್ಲ. ಅಂಥ ಕಡೆ ಗಾಳಿ ಎದ್ದರೆ ಅಲೆ ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತದೆ. ನಮ್ಮದು 14 ಅಡಿ ದೋಣಿ. ಬೆಳಿಗ್ಗೆ ನೀರು ಕನ್ನಡಿಯ ಹಾಗಿತ್ತು. ಪರ್ಚ್ ಚೆನ್ನಾಗಿ ಕಚ್ಚುತ್ತಿತ್ತು. ಜಾಗ ತಪ್ಪಬಾರದು ಅಂತ ಲಂಗರು ಇಳಿಸಿ, ಹಗ್ಗವನ್ನು ಹಿಂಬದಿಗೆ, ಮೋಟರ್ ಪಕ್ಕ ಕಟ್ಟಿದೆ. ಕೈಗೆ ಹತ್ತಿರ ಅಂತ ಅಷ್ಟೇ. ಹನ್ನೊಂದು ಗಂಟೆ ಹೊತ್ತಿಗೆ ಗಾಳಿ ಎದ್ದಿತು. ಮೋಟರ್ ಭಾರಕ್ಕೆ ಮೊದಲೇ ತಗ್ಗಿದ್ದ ಹಿಂಬದಿಯನ್ನು ಹಗ್ಗ ಇನ್ನೂ ಕೆಳಗೆ ಜಗ್ಗಿತು. ಮೂರನೇ ಅಲೆ ನೇರ ಒಳಗೇ ಬಂತು. ಹೆಂಡತಿ ಡಬ್ಬಿಯ ಚಿತ್ರಾನ್ನ ಕೆರೆಗೆ ಸುರಿದು, ಅದೇ ಡಬ್ಬಿಯಲ್ಲಿ ನೀರು ಎತ್ತಿ ಹಾಕತೊಡಗಿದಳು. ಒದ್ದೆ ಗಂಟು ಬಿಚ್ಚಲು ಬರಲಿಲ್ಲ. ಮೀನು ಕೊಯ್ಯುವ ಚಾಕುವಿನಿಂದ ಹಗ್ಗ ಕತ್ತರಿಸಿದೆ. ಲಂಗರು ಅಲ್ಲೇ ಹೋಯಿತು. ಜಾಕೆಟ್‌ಗಳು ಸೀಟಿನ ಕೆಳಗಿದ್ದವು, ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ.

ಲಂಗರನ್ನು ದೋಣಿಯ ಮೂತಿಗೇ ಕಟ್ಟಬೇಕು. ಆಗ ಅದು ಅಲೆಗೆ ಮುಖ ಕೊಟ್ಟು ನಿಲ್ಲುತ್ತದೆ. ಇದನ್ನು ಹೇಳಿದಾಗ ಮಾತ್ರ ಚಿಕ್ಕಪ್ಪ ನಗಲಿಲ್ಲ. ಚೆನ್ನಾಗಿ ಬೈದರು.

ಆ ಕುಟುಂಬದವರು ಇದನ್ನು ಓದಿದರೆ ಬೇಜಾರು ಮಾಡಿಕೊಳ್ಳಬಾರದು. ಪುರವಣಿಯವರಿಗೆ ಒಂದು ವಿನಂತಿ. ಇನ್ನೊಮ್ಮೆ ಇಂಥದ್ದು ಬಂದರೆ ಜಾಕೆಟ್ ಹಾಕಿಕೊಂಡ ಫೋಟೊ ಆರಿಸಿ. ಮೀನಿನ ಸರದ ಬದಲು ಅಡುಗೆಮನೆಯ ಫೋಟೊ ಕೇಳಿ. ಸಣ್ಣ ಬ್ಲೂಗಿಲ್‌ಗೆ ಉಪ್ಪು, ಖಾರದಪುಡಿ, ಹುಣಸೆರಸ ಸವರಿ, ರವೆಯಲ್ಲಿ ಹೊರಳಿಸಿ ಹುರಿದರೆ ಫೋಟೊದಲ್ಲೂ ಚೆನ್ನಾಗಿ ಕಾಣುತ್ತದೆ.

ಇಂತಿ,
ಸಾಗರ ತಾಲ್ಲೂಕಿನ ಓದುಗ, ಸದ್ಯ ಮಿನಿಯಾಪೊಲಿಸ್