ಟಾರು ರಸ್ತೆ ಮುಗಿದ ಮೇಲೆ

ಪ್ರೀತಿಯ ಗೆಳೆಯಾ,

ಗಾಡಿಯಲ್ಲಿ ಹೋಗಿ ಟೆಂಟ್ ಹಾಕಬೇಕಾದ ಜಾಗಗಳ ನಿನ್ನ ಪಟ್ಟಿ ಬಂತು. ಎರಡು ಸಲ ಓದಿದೆ. ಫೋರ್ ವೀಲ್ ಡ್ರೈವ್ ಗಾಡಿ ಕೈಗೆ ಸಿಕ್ಕ ಕೂಡಲೇ ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ದಾಟಬೇಕು ಅಂತ ಮೊದಲ ಸಾಲಲ್ಲೇ ಬರೆದಿದ್ದೀಯ. ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು ಕೇಳು, ಆ ಪಟ್ಟಿಯನ್ನು ತಲೆಕೆಳಗು ಮಾಡು. ಸಿಂಪ್ಸನ್ ಕೊನೆಗಿರಲಿ. ನೋಟ ಎಷ್ಟು ಚೆಂದ ಅಂತ ನೋಡಿ ಜಾಗ ಆರಿಸಬೇಡ. ಅಲ್ಲಿನ ನೆಲ ಎಂಥದ್ದು ಅಂತ ನೋಡಿ ಆರಿಸು.

ಮೊದಲು ಮರಳು ಕಲಿ. ಅದಕ್ಕೆ ಆಸ್ಟ್ರೇಲಿಯಾದ ಫ್ರೇಸರ್ ದ್ವೀಪಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 2023ರಲ್ಲಿ ಅದಕ್ಕೆ ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನರ ಹಳೆಯ ಹೆಸರೇ ಅಧಿಕೃತವಾಗಿ ವಾಪಸ್ ಬಂತು. ನಕ್ಷೆಯಲ್ಲಿ ಆ ಹೆಸರಿನ ಮುಂದೆ ಒಂದು ಕೆ ಇರುತ್ತದೆ, ಅದನ್ನು ಉಚ್ಚರಿಸುವುದಿಲ್ಲ. ನವಿಲುಗರಿಯ 'ಗರಿ' ಇದೆಯಲ್ಲ, ಹಾಗೇ ಹೇಳಿದರೆ ಸಾಕು. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ ಅದು. ಉದ್ದ 120 ಕಿಲೋಮೀಟರಿಗೂ ಜಾಸ್ತಿ. ಪೂರ್ವದ ದಂಡೆಯೇ ಅಲ್ಲಿನ ಹೆದ್ದಾರಿ. ವೇಗದ ಮಿತಿ ಗಂಟೆಗೆ 80 ಕಿಲೋಮೀಟರ್. ಅದೇ ಮರಳಿನ ಮೇಲೆ ಸಣ್ಣ ವಿಮಾನಗಳೂ ಇಳಿಯುತ್ತವೆ. ಒಂದು ಕಡೆ 1935ರಲ್ಲಿ ದಡಕ್ಕೆ ಬಿದ್ದ ಮಹೇನೊ ಹಡಗಿನ ತುಕ್ಕು ಹಿಡಿದ ಅಸ್ಥಿಪಂಜರ ಇದೆ.

ನಾನು ಮೊದಲ ಸಲ ಹೋದಾಗ ದ್ವೀಪ ಮುಟ್ಟುವ ಮೊದಲೇ ಗಾಡಿ ಮರಳಲ್ಲಿ ಹೂತುಕೊಂಡಿತು. ಇನ್‌ಸ್ಕಿಪ್ ಪಾಯಿಂಟ್‌ನಲ್ಲಿ ದೋಣಿ ಹತ್ತುವ ಕಡೆ ಮರಳು ತುಂಬಾ ಮೆತ್ತಗಿರುತ್ತದೆ. ಟಾರು ರಸ್ತೆಯಿಂದ ಬಂದವನು ಟೈರಿನ ಗಾಳಿ ಇಳಿಸದೆ ಹಾಗೇ ನುಗ್ಗಿದ್ದೆ. ಗಾಡಿ ನಿಂತಿತು. ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ, ಚಕ್ರಗಳು ಅಲ್ಲೇ ತಿರುಗುತ್ತಾ ಆಕ್ಸಲ್ ತನಕ ಇಳಿದುಬಿಟ್ಟವು. ಪಕ್ಕದ ಗಾಡಿಯಿಂದ ಒಬ್ಬ ಹಿರಿಯರು ಇಳಿದು ಬಂದರು. ಎಳೆಯಲು ಹಗ್ಗ ತರುತ್ತಾರೆ ಅಂದುಕೊಂಡೆ. ಅವರ ಕೈಯಲ್ಲಿ ಇದ್ದದ್ದು ಗಾಳಿ ಅಳೆಯುವ ಗೇಜ್ ಮಾತ್ರ. ಮೊಣಕಾಲೂರಿ ಕೂತು ಒಂದೊಂದೇ ಟೈರಿನ ವಾಲ್ವ್ ಒತ್ತಿದರು. ಸುಂಯ್ ಅಂತ ಗಾಳಿ ಹೋಗುವ ಸದ್ದು. ಟೈರಿನ ಕೆಳಭಾಗ ನಿಧಾನವಾಗಿ ಅಗಲವಾಗಿ, ಪಕ್ಕದ ಗೋಡೆ ಸ್ವಲ್ಪ ಉಬ್ಬಿತು. ನಾಲ್ಕರ ಗಾಳಿಯ ಒತ್ತಡವನ್ನೂ 18 ಪಿಎಸ್‌ಐಗೆ ಇಳಿಸಿದರು. ಸಲಿಕೆಯಿಂದ ಚಕ್ರದ ಸುತ್ತ ಮರಳು ಬಿಡಿಸಿದೆವು. ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಲು ಹೇಳಿದರು. ಯಾರೂ ಎಳೆಯಲಿಲ್ಲ, ಗಾಡಿ ತಾನಾಗಿ ಎದ್ದು ಬಂತು.

ಗಾಳಿ ಕಮ್ಮಿಯಾದ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಭಾರ ಹಂಚಿಹೋಗುತ್ತದೆ, ಮರಳನ್ನು ಅಗೆಯದೆ ಅದರ ಮೇಲೆ ತೇಲುತ್ತದೆ. ಅಷ್ಟೇ ವಿಷಯ. ಆದರೆ ಅಂಥ ಟೈರಿನಲ್ಲಿ ಜೋರಾಗಿ ತಿರುವು ತೆಗೆದುಕೊಂಡರೆ ಅದು ರಿಮ್‌ನಿಂದ ಕಳಚಿಕೊಳ್ಳಬಹುದು. ನಿಲ್ಲಿಸುವಾಗಲೂ ಬ್ರೇಕ್ ಒತ್ತಬೇಡ, ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ಸುಮ್ನೆ ಕಾಲು ತೆಗೆದು ತಾನಾಗಿ ನಿಲ್ಲಲು ಬಿಡು. ಟಾರು ರಸ್ತೆಗೆ ಮರಳುವಾಗ ಮತ್ತೆ ಗಾಳಿ ತುಂಬಿಸಲೇಬೇಕು, ಹಾಗಾಗಿ ಸಣ್ಣ ಕಂಪ್ರೆಸರ್ ಒಂದು ಇರಲಿ.

ದಂಡೆಯ ಮೇಲೆ ಓಡಾಟವೆಲ್ಲ ಇಳಿತದ ವೇಳೆಗೆ. ಅದಕ್ಕೆ ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ. ಉಬ್ಬರ ಬಂದಾಗ ಹೆದ್ದಾರಿಯೇ ಇರುವುದಿಲ್ಲ. ಗಾಡಿಗೂ ಟೆಂಟಿಗೂ ಬೇರೆ ಬೇರೆ ಪರವಾನಗಿ ಬೇಕು, ಮೊದಲೇ ಮಾಡಿಸಿಕೋ. ರಾತ್ರಿ ದಂಡೆಯ ಹಿಂದಿನ ದಿಬ್ಬಗಳ ಮರೆಯಲ್ಲಿ ಮಲಗಬಹುದು. ಡಿಂಗೊಗಳು, ಅಂದರೆ ಅಲ್ಲಿನ ಕಾಡುನಾಯಿಗಳು, ಟೆಂಟಿನ ಹತ್ತಿರಕ್ಕೇ ಬರುತ್ತವೆ. ತಿನ್ನುವ ವಸ್ತು ಏನೂ ಹೊರಗೆ ಬಿಡಬೇಡ. ಮಕ್ಕಳನ್ನು ಕರೆದುಕೊಂಡು ಹೋದರೆ ಕೈಯಳತೆಯಲ್ಲೇ ಇರಲಿ.

ಮರಳಾದ ಮೇಲೆ ಬಂಡೆ. ಅಮೆರಿಕದ ಯೂಟಾ ರಾಜ್ಯದಲ್ಲಿ, ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ, ವೈಟ್ ರಿಮ್ ಅಂತ ಒಂದು ದಾರಿ ಇದೆ. ಸುಮಾರು 160 ಕಿಲೋಮೀಟರ್. 1950ರ ದಶಕದಲ್ಲಿ ಯುರೇನಿಯಂ ಹುಡುಕುವವರಿಗಾಗಿ ಕಡಿದ ದಾರಿ. ಯುರೇನಿಯಂ ಅಷ್ಟೇನೂ ಸಿಗಲಿಲ್ಲ, ದಾರಿ ಉಳಿಯಿತು. ಒಂದು ಕಡೆ ಎತ್ತರದ ಕೆಂಪು ಗೋಡೆ, ಇನ್ನೊಂದು ಕಡೆ ಪಾತಾಳ, ನಡುವೆ ಬಿಳಿ ಕಲ್ಲಿನ ಅಂಚು. ಎರಡು ಮೂರು ದಿನ ತೆಗೆದುಕೋ. ಮುಂಚೆಯೇ ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಟೆಂಟ್ ಹಾಕಬಹುದು. ನನ್ನನ್ನು ಕೇಳಿದರೆ ವೈಟ್ ಕ್ರ್ಯಾಕ್ ಅನ್ನುವ ಜಾಗಕ್ಕೇ ಕಾಯಬೇಕು. ಮುಖ್ಯ ದಾರಿ ಬಿಟ್ಟು ಒಳಗೆ ಹೋಗಬೇಕು, ಅಲ್ಲಿ ಒಂದೇ ಒಂದು ಗುಂಪಿಗೆ ಜಾಗ. ಸಂಜೆ ಕೆಳಗಿನ ಕಣಿವೆಗಳು ಒಂದಾದ ಮೇಲೊಂದು ನೆರಳಿಗೆ ಹೋಗುವುದನ್ನು ನೋಡುತ್ತಾ ಕೂತರೆ ಒಲೆ ಹಚ್ಚುವುದೇ ಮರೆತುಹೋಗುತ್ತದೆ. ದಾರಿಯುದ್ದಕ್ಕೂ ಕುಡಿಯುವ ನೀರು ಎಲ್ಲೂ ಇಲ್ಲ. ಸೌದೆಯ ಬೆಂಕಿ ಹಾಕುವಂತಿಲ್ಲ. ಮಲವನ್ನೂ ಸೇರಿಸಿ ನಿನ್ನ ಕಸವೆಲ್ಲ ನಿನ್ನ ಗಾಡಿಯಲ್ಲೇ ವಾಪಸ್ ಬರಬೇಕು. ಈ ನಿಯಮ ಓದಿ ಮುಖ ಸಿಂಡರಿಸಬೇಡ. ಅದರಿಂದಲೇ ಆ ಜಾಗ ಹಾಗೆ ಉಳಿದಿದೆ.

ನೀರು ದಾಟುವುದು ಕಲಿಯಲು ಐಸ್‌ಲ್ಯಾಂಡ್. ಅಲ್ಲಿ ಒಳನಾಡಿನ ಎಫ್ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಕಡ್ಡಾಯ. ಬೇಸಿಗೆಯಲ್ಲಿ ಕೆಲವೇ ತಿಂಗಳು ತೆರೆದಿರುತ್ತವೆ. ಹಿಮನದಿಯಿಂದ ಬರುವ ಹೊಳೆಗಳು ಬೆಳಗ್ಗೆ ಕಮ್ಮಿ ಇದ್ದು, ಬಿಸಿಲೇರಿ ಹಿಮ ಕರಗಿದ ಹಾಗೆ ಏರುತ್ತವೆ. ದಾಟುವುದಿದ್ದರೆ ಬೆಳಗ್ಗೆಯೇ ದಾಟು. ಇನ್ನೊಬ್ಬರ ಗಾಡಿ ಜೊತೆಗಿರಲಿ. ಮೊದಲ ಸಲಕ್ಕೆ ಉತ್ತರ ಕಡೆಯಿಂದ ಲಾಂಡ್‌ಮಾನಾಲಾಯ್ಗರ್ ಅನ್ನುವ ಟೆಂಟ್ ಹಾಕುವ ಜಾಗಕ್ಕೆ ಹೋಗು. ಕೊನೆಯ ಹೊಳೆಯ ಈಚೆಗೇ ಗಾಡಿ ನಿಲ್ಲಿಸಿ ನಡೆದು ಹೋಗಬಹುದು. ನೆಲ ಎಷ್ಟು ಗಟ್ಟಿ ಅಂದರೆ ಟೆಂಟಿನ ಗೂಟ ಇಳಿಯುವುದಿಲ್ಲ, ಕಲ್ಲು ಹೇರಿ ನಿಲ್ಲಿಸಬೇಕು. ಪಕ್ಕದಲ್ಲೇ ಬಿಸಿನೀರಿನ ಹೊಂಡ. ಒಂದು ವಿಷಯ ಮಾತ್ರ ಮರೆಯಬೇಡ, ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವುದು ಅಪರಾಧ. ಚಕ್ರದಡಿ ಸಿಕ್ಕ ಪಾಚಿ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು.

ನನಗೆ ತುಂಬಾ ಹತ್ತಿರವಾದ ಜಾಗ ನಿನ್ನ ಪಟ್ಟಿಯಲ್ಲೇ ಇಲ್ಲ. ಆಫ್ರಿಕಾದ ಬೋಟ್ಸ್ವಾನಾ ದೇಶದ ಕುಬು. ಮಕ್ಗಾಡಿಕ್ಗಾಡಿ ಅನ್ನುವ ದೊಡ್ಡ ಉಪ್ಪಿನ ಬಯಲುಗಳಿವೆ, ಹಿಂದೆ ಅಲ್ಲಿ ಭಾರೀ ಸರೋವರ ಇತ್ತು. ಆ ಬಯಲಿನ ನಡುವೆ ಎದ್ದ ಗ್ರಾನೈಟ್ ಗುಡ್ಡವೇ ಕುಬು, ಮೈತುಂಬಾ ದಪ್ಪ ಕಾಂಡದ ಬಾವೊಬಾಬ್ ಮರಗಳು. ನಾನು ಹೋದಾಗ ಒಣಗಾಲ. ಸಂಜೆ ಬಂಡೆಗೆ ಬೆನ್ನು ಕೊಟ್ಟು ಕೂತೆ. ಹಗಲಿನ ಬಿಸಿಲು ಇನ್ನೂ ಕಲ್ಲಿನಲ್ಲಿತ್ತು, ಅಂಗಿಯೊಳಗೆ ಬೆಚ್ಚಗೆ ಇಳಿಯುತ್ತಿತ್ತು. ಮುಂದೆ ಬಿಳಿ ಬಯಲು, ದಿಗಂತದ ತನಕ ಏನೂ ಇಲ್ಲ. ಗಾಳಿ ನಿಂತಾಗ ನನ್ನ ಕೈಗಡಿಯಾರದ ಟಿಕ್ ಟಿಕ್ ಕೇಳಿಸಿತು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ.

ಆದರೆ ಆ ಬಯಲನ್ನು ನಂಬಬೇಡ. ಮೇಲೆ ಒಣಗಿದ ಹಪ್ಪಳದಂಥ ಪದರ, ಕೆಳಗೆ ಕೆಸರು. ಹಳೆಯ ಜಾಡು ಬಿಟ್ಟು ನೇರ ಹೋದರೆ ಬೇಗ ಮುಟ್ಟಬಹುದು ಅನ್ನಿಸುತ್ತದೆ. ಹಾಗೆ ಹೋಗಿ ಸಿಕ್ಕಿಹಾಕಿಕೊಂಡ ಗಾಡಿಗೆ ಹಗ್ಗ ಕಟ್ಟಲು ಅಲ್ಲಿ ಒಂದು ಮರವೂ ಇರುವುದಿಲ್ಲ. ಮಳೆಗಾಲದಲ್ಲಿ ಹೋಗಲೇಬೇಡ. ನೀರು ಪೂರ್ತಿ ಹೊತ್ತುಕೊಂಡು ಹೋಗು.

ಇಷ್ಟೆಲ್ಲ ಆದ ಮೇಲೆ ನಿನ್ನ ಸಿಂಪ್ಸನ್. ಸಾವಿರಕ್ಕೂ ಹೆಚ್ಚು ಮರಳುದಿಬ್ಬಗಳು, ಒಂದಕ್ಕೊಂದು ಸಮಾನಾಂತರ. ಪಶ್ಚಿಮದಿಂದ ಪೂರ್ವಕ್ಕೆ ದಾಟು, ಪಶ್ಚಿಮದ ಏರು ಅಷ್ಟು ಕಡಿದಲ್ಲ. ಪಶ್ಚಿಮದ ಅಂಚಿನ ಮೌಂಟ್ ಡೇರ್ ಬಿಟ್ಟರೆ ಪೂರ್ವದ ಬರ್ಡ್ಸ್‌ವಿಲ್ ಊರಿನ ತನಕ ಇಂಧನ ಸಿಗುವುದಿಲ್ಲ, ಮರಳಿನಲ್ಲಿ ಗಾಡಿ ಕುಡಿಯುವುದೂ ಜಾಸ್ತಿ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬಿಸಿಲಿನ ಕಾರಣಕ್ಕೆ ಅಲ್ಲಿನ ಉದ್ಯಾನಗಳೇ ಮುಚ್ಚಿರುತ್ತವೆ. ಗಾಡಿಯ ಮುಂದೆ ಎತ್ತರದ ಕೋಲಿಗೆ ಬಾವುಟ ಕಟ್ಟಬೇಕು, ದಿಬ್ಬದ ಆಚೆ ಬರುವವರಿಗೆ ಮೊದಲು ಕಾಣುವುದು ಅದೇ. ಹೊರಡುವ ಮುನ್ನ ಡಲ್‌ಹೌಸಿ ಬಿಸಿನೀರಿನ ಬುಗ್ಗೆಯ ಪಕ್ಕ ಒಂದು ರಾತ್ರಿ ಉಳಿದುಕೋ. ಮರುಭೂಮಿಯ ಅಂಚಿನಲ್ಲಿ ಬೆಚ್ಚನೆಯ ನೀರಲ್ಲಿ ತೇಲುತ್ತಾ ನಕ್ಷತ್ರ ನೋಡುವುದು ಇನ್ನೆಲ್ಲಿ ಸಿಗುತ್ತದೆ, ಹೇಳು. ಕೊನೆಯಲ್ಲಿ ಬಿಗ್ ರೆಡ್ ಅನ್ನುವ ದೊಡ್ಡ ಮರಳುದಿಬ್ಬ ಇದೆ, ಸುಮಾರು 40 ಮೀಟರ್ ಎತ್ತರ. ಒಂದೇ ಸಲಕ್ಕೆ ಏರದಿದ್ದರೆ ಹಿಂದಕ್ಕೆ ಬಂದು, ಇನ್ನೂ ಎರಡು ಪಿಎಸ್‌ಐ ಇಳಿಸಿ ಮತ್ತೆ ನೋಡು.

ಗರಿ ದ್ವೀಪಕ್ಕೆ ನಾನೂ ಬರುತ್ತೇನೆ. ಉಬ್ಬರ ಇಳಿತದ ವೇಳಾಪಟ್ಟಿ ನೋಡಿ, ಬೆಳಗ್ಗೆ ಹತ್ತರ ಸುಮಾರಿಗೆ ಇಳಿತ ಇರುವ ದಿನ ಆರಿಸಿ ತಿಳಿಸು. ಆ ಹಿರಿಯರು ಹೋಗುವಾಗ ಗೇಜನ್ನು ನನ್ನ ಕೈಯಲ್ಲೇ ಬಿಟ್ಟು ಹೋಗಿದ್ದರು. ಇನ್ನೂ ಸರಿಯಾಗಿ ಕೆಲಸ ಮಾಡುತ್ತದೆ, ಅದನ್ನು ತರುತ್ತೇನೆ. ಸಲಿಕೆ ನೀನು ತಾ.

ನಿನ್ನ ದಾರಿ ಕಾಯುತ್ತಾ,
ನಿನ್ನ ಗೆಳೆಯ